ನಾನೂರ ಹನ್ನೆರಡು ಬಾಗಿಲು

ಹಂಗಾರಕಟ್ಟೆಯ ರಮಿತಾಳಿಗೆ ಮೀನು ಸೀಳಲು, ಉಪ್ಪು ಹಚ್ಚಲು, ಬಿಸಿಲಿಗೆ ಹರವಲು, ತೂಗಿ ಕಟ್ಟಲು ಎಲ್ಲ ಬರುತ್ತಿತ್ತು. ಕೂಗಿ ಮಾರಲು ಮಾತ್ರ ಬರುತ್ತಿರಲಿಲ್ಲ. ಮದುವೆಯಾಗಿ ಬಂದ ಎರಡನೆಯ ತಿಂಗಳಲ್ಲಿ ಬಾಗಿ ಎಂಬ ಹೆಸರಿನ ಅತ್ತೆ ಅವಳ ತಲೆಯ ಮೇಲೂ ಒಂದು ಬುಟ್ಟಿ ಇಟ್ಟು ಸಾಸ್ತಾನದ ಕಡೆಗೆ ಕರೆದುಕೊಂಡು ಹೋಗಿದ್ದಳು. ಮೊದಲ ಮನೆಯ ಗೇಟಿನ ಎದುರು ನಿಂತು, "ಈ ಮನಿ ನಿಂದ್. ಕರಿ, ಕಾಂಬ" ಎಂದಳು. ರಮಿತಾ ಬಾಯಿ ತೆರೆದಳು. ಗಂಟಲಿನಿಂದ ಗಾಳಿಯಲ್ಲದೆ ಬೇರೇನೂ ಹೊರಡಲಿಲ್ಲ. ಒಳಗಿನಿಂದ ನಾಯಿಯೊಂದು ಬೊಗಳಿತು.

"ನಾಯಿಗ್ ಇಪ್ಪ ಸ್ವರವೂ ನಿಂಗಿಲ್ಯಲೆ ಹೆಣೆ" ಎಂದು ಬಾಗಿ ನಕ್ಕು, ತಾನೇ ಕೂಗಿ, ಅರ್ಧ ಬುಟ್ಟಿ ಬಂಗುಡೆ ಮಾರಿದಳು. ಅದಾದ ಮೇಲೆ ಸೊಸೆಯನ್ನು ಬುಟ್ಟಿ ಹೊರಲು ಕರೆಯಲಿಲ್ಲ.

ಹನ್ನೆರಡು ವರ್ಷದ ಬಳಿಕ ರಮಿತಾ ಒಣಮೀನನ್ನು ಇಂಟರ್ನೆಟ್ಟಿನಲ್ಲಿ ಮಾರಲು ಶುರು ಮಾಡಿದ್ದಕ್ಕೆ ಒಳಗಿನ ಕಾರಣ ಅದೇ. ಅಲ್ಲಿ ಕೂಗಬೇಕಾಗಿರಲಿಲ್ಲ. ಒಂದು ಪುಟಕ್ಕೆ 'ಅಳಿವೆ' ಎಂದು ಹೆಸರಿಟ್ಟು ಒಣ ಸೆಟ್ಲಿಯ ಚಿತ್ರ ಹಾಕಿದರೆ, ಸಿಗಡಿಯನ್ನು ಸೆಟ್ಲಿ ಎಂದೇ ಕರೆಯುವ ಊರಿನವರು ಮುಂಬೈ, ಠಾಣೆ, ಪುಣೆಯಿಂದ ತಾವಾಗಿಯೇ ಬಂದು ಕೇಳುತ್ತಿದ್ದರು. ಗಂಡ ರೂಪೇಶ ಮಲ್ಪೆಯ ಬೋಟಿನಲ್ಲಿ ಹತ್ತು ದಿನಕ್ಕೊಮ್ಮೆ ಮನೆಗೆ ಬರುವವನು. ಅವನು ಬಂದಾಗ ಕಟ್ಟಿಟ್ಟ ಪಾರ್ಸೆಲ್ಲುಗಳನ್ನು ಟೋಲ್ ಗೇಟಿನ ಹತ್ತಿರದ ಕೊರಿಯರ್ ಅಂಗಡಿಗೆ ಮುಟ್ಟಿಸುತ್ತಿದ್ದ. ಇಲ್ಲದಾಗ ಇವಳೇ ಸ್ಕೂಟರಿನಲ್ಲಿ ಒಯ್ಯುತ್ತಿದ್ದಳು. ಮೂರು ವರ್ಷದಲ್ಲಿ ಅವಳ ಪುಟವನ್ನು ನೋಡುವವರು ಆರು ಸಾವಿರವಾದರು.

ಈ ಫೆಬ್ರವರಿಯ ಒಂದು ಬೆಳಿಗ್ಗೆ ಆ ಪುಟ ಇರಲಿಲ್ಲ. ಯಾರೋ ಒಳಹೊಕ್ಕು ಹೆಸರು ಬದಲಿಸಿ, ಏನೇನೋ ಹಾಕಿ, ಕೊನೆಗೆ ಅದು ಮುಚ್ಚಿಹೋಗಿತ್ತು. ಇಪ್ಪತ್ತು ದಿನ ಬರೆದರೂ ಯಾರಿಂದಲೂ ಉತ್ತರ ಬರಲಿಲ್ಲ. ಆರು ಸಾವಿರ ಮಂದಿ ಎಲ್ಲಿ ಹೋದರೆಂದು ಹುಡುಕಲು ದಾರಿಯೂ ಇರಲಿಲ್ಲ. ಹಳೆಯ ಗಿರಾಕಿಗಳು ತುಂಬುತ್ತಿದ್ದ ಆರ್ಡರ್ ಫಾರಮು ಮಾತ್ರ ಬೇರೆ ಕಡೆ ಇದ್ದುದರಿಂದ ಉಳಿದಿತ್ತು.

ರೂಪೇಶನ ಚಿಕ್ಕಪ್ಪನ ಮಗಳು ದಿವ್ಯಾ ಕುಂದಾಪುರದ ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುತ್ತಾಳೆ. ಅವಳು ಬಂದು ಕೂತು ನೇರವಾಗಿ ಹೇಳಿದಳು: "ಬ್ಯಾರೆಯರ್ ಜಗ್ಲಿ ಮೇಲ್ ಕೂಕಂಡ್ ವ್ಯಾಪಾರ ಮಾಡದ್ ನೀವ್, ಅತ್ಗಿ. ಅವ್ರ್ ಬಾಗ್ಲ್ ಹಾಕ್ರ್, ಮುಗ್ತ್. ಗಿರಾಕಿಯರ್ ವಿಳಾಸ ನಿಮ್ಮತ್ರವೇ ಇರ್ಕ್. ಈಮೇಲ್ ಮಾಡಿ."

ವಿಳಾಸ ಕೂಡಿಸಲು ಎರಡು ತಿಂಗಳು ಹಿಡಿಯಿತು. ದಿವ್ಯಾ ಕಟ್ಟುನಿಟ್ಟು. ಆರ್ಡರ್ ಫಾರಮಿನಲ್ಲಿ ಈಮೇಲ್ ಇದ್ದ ಮಾತ್ರಕ್ಕೆ ಕಾಗದ ಕಳಿಸುವಂತಿಲ್ಲ, ಒಬ್ಬೊಬ್ಬರನ್ನೂ ಕೇಳಬೇಕು ಎಂದಳು. ರಮಿತಾ ಪ್ರತಿ ಪಾರ್ಸೆಲ್ಲಿನಲ್ಲೂ ಒಂದು ಚೀಟಿ ಇಟ್ಟಳು: "ಯಾವ ಮೀನು ಯಾವಾಗ ಒಣಗಿದೆ ಎಂಬ ಸುದ್ದಿ ಬೇಕಿದ್ದರೆ 'ಹೌದು' ಎಂದು ಬರೆದು ಕಳಿಸಿ." ಹಾಗೆ 'ಹೌದು' ಎಂದವರು ನಾನೂರ ಹನ್ನೆರಡು ಮಂದಿ. ಅವರ ಹೆಸರು, ಊರು, ಕೊನೆಗೆ ಕೊಂಡ ದಿನ ಇವನ್ನೆಲ್ಲ ಒಂದು ಹಾಳೆಯಲ್ಲಿ ತುಂಬಿದಳು. ಬಾಗಿಯ ಒತ್ತಾಯಕ್ಕೆ 'ನಮ್ಮ ಬಗ್ಗೆ ನಿಮಗೆ ಹೇಳಿದವರು ಯಾರು' ಎಂಬ ಕಾಲಮೂ ಫಾರಮಿನಲ್ಲಿ ಮೊದಲಿನಿಂದ ಇತ್ತು. ಯಾರ ಕಡೆಯವರೆಂದು ತಿಳಿಯದೆ ಮೀನು ಕೊಡುವುದು ಬಾಗಿಗೆ ಆಗದ ಮಾತು.

ಮೇ ತಿಂಗಳ ಮೊದಲ ವಾರ ಮೊದಲ ಈಮೇಲ್ ಕಾಗದ ಹೋಯಿತು. ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟಾಗ ರಮಿತಾಳಿಗೆ ಸಾಸ್ತಾನದ ಆ ಹಳೆಯ ಗೇಟು ನೆನಪಾಯಿತು. ಒಂದು ಮನೆಯ ಮುಂದೆ ಬಾಯಿ ಬರದವಳು ಈಗ ನಾನೂರ ಹನ್ನೆರಡು ಬಾಗಿಲ ಮುಂದೆ ಒಟ್ಟಿಗೇ ಕೂಗಬೇಕಿತ್ತು. ಕಣ್ಣು ಮುಚ್ಚಿ ಒತ್ತಿದಳು. ನೂರ ತೊಂಬತ್ತು ಮಂದಿ ತೆರೆದು ಓದಿದರು. ಹದಿನಾಲ್ಕು ಮಂದಿ ಕಾಗದದ ಕೆಳಗಿನ 'ಇನ್ನು ಬೇಡ' ಎಂಬುದನ್ನು ಒತ್ತಿ ಹೊರಗೆ ಹೋದರು. ಒಬ್ಬ 'ಸ್ಪ್ಯಾಮ್' ಎಂದು ಒತ್ತಿ ದೂರು ಕೊಟ್ಟ; ಅವನ ಹೆಸರೂ ಪಟ್ಟಿಯಿಂದ ಹೋಯಿತು.

ಹದಿನಾಲ್ಕು ಮಂದಿ ಬೇಡ ಎಂದದ್ದಕ್ಕೆ ಅವಳು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಬಾಗಿ ಸಮಾಧಾನ ಮಾಡಿದಳು. "ಬ್ಯಾಡ ಅಂದ್ ಬಾಯ್ಬಿಟ್ಟ್ ಹೇಳುವರ್ ಒಳ್ಳೇವ್ರ್. ಒಳಗ್ ಇದ್ಕಂಡೇ ಇಲ್ದಾಂಗ್ ಮಾಡುವರ್ ಕಷ್ಟ."

ಆದರೆ ಆ ಒಂದು ದೂರು ಬೇರೆ ಜಾತಿಯದು. ಕಾಗದ ಸಾಗಿಸುವ ಕಂಪನಿಯಿಂದ ಎಚ್ಚರಿಕೆ ಬಂತು: ಸಾವಿರ ಕಾಗದಕ್ಕೆ ಮೂರಕ್ಕಿಂತ ಹೆಚ್ಚು ದೂರು ಬಂದರೆ ನಿಮ್ಮ ಖಾತೆಯನ್ನು ತಡೆಹಿಡಿಯುತ್ತೇವೆ. ರಮಿತಾ ಗುಣಿಸಿ ನೋಡಿದಳು. ನಾನೂರ ಹನ್ನೆರಡಕ್ಕೆ ಒಂದೂಕಾಲಿನಷ್ಟು ಬಂತು. ಒಂದು ದೂರಿಗೆ ಜಾಗ ಇತ್ತು, ಎರಡಕ್ಕೆ ಇರಲಿಲ್ಲ. ಆ ಒಂದು ಆಗಲೇ ಬಂದುಬಿಟ್ಟಿತ್ತು.

ಒಳಕೋಣೆಯಲ್ಲಿ ನೂರ ನಲವತ್ತು ಕಿಲೋ ಒಣಮೀನು ನೀಲಿ ಡ್ರಮ್ಮುಗಳಲ್ಲಿ ಕೂತಿತ್ತು. ಮಳೆ ಹಿಡಿದರೆ ಉಪ್ಪು ಗಾಳಿಯ ನೀರನ್ನು ಎಳೆದುಕೊಳ್ಳುತ್ತದೆ. ನಾಲ್ಕು ದಿನಕ್ಕೆ ಮೀನು ಮೆತ್ತಗಾಗುತ್ತದೆ, ಎಂಟು ದಿನಕ್ಕೆ ಬಿಳಿ ಬೂಸಲು ಏಳುತ್ತದೆ. ಡ್ರಮ್ಮಿನ ಬಾಯಿ ಎಷ್ಟು ಬಿಗಿದರೂ ದಿನಕ್ಕೊಮ್ಮೆ ತೆರೆಯಲೇಬೇಕು. ಈ ಖಾತೆಯೂ ಮುಚ್ಚಿದರೆ, ಇನ್ನೊಂದು ದಾರಿ ಹುಡುಕುವಷ್ಟರಲ್ಲಿ ವರ್ಷದ ದುಡಿಮೆ ಗದ್ದೆಯ ಗೊಬ್ಬರವಾಗುತ್ತಿತ್ತು.

ಎರಡನೆಯ ವಾರ ದಿವ್ಯಾ ಹೊಸತೊಂದು ಹೇಳಿಕೊಟ್ಟಳು. ಅರವತ್ತು ದಿನದಿಂದ ಏನೂ ಕೊಳ್ಳದವರಿಗೆ ತಾನಾಗಿಯೇ ಒಂದು ಕಾಗದ ಹೋಗುವ ವ್ಯವಸ್ಥೆ. ಒಮ್ಮೆ ಬರೆದಿಟ್ಟರೆ ಸಾಕು, ಹೆಸರನ್ನು ಯಂತ್ರವೇ ಸೇರಿಸಿಕೊಳ್ಳುತ್ತದೆ. ರಮಿತಾ ಖುಷಿಯಿಂದ ಬರೆದಳು. ತಲೆಬರಹ: 'ನಮ್ಮನ್ನು ಮರೆತಿರಾ?' ಒಳಗೆ: 'ಅರವತ್ತು ದಿನವಾಯಿತು, ನಿಮ್ಮ ಒಲೆಗೆ ನಮ್ಮೂರ ಸೆಟ್ಲಿ ಬಾರದೆ. ಎಲ್ಲಿದ್ದೀರಿ?' ಅದರ ಕೆಳಗೆ ಕಾವಲಿಯ ಮೇಲಿನ ಬಂಗುಡೆಯ ಚಿತ್ರ.

ಅದನ್ನು ಅತ್ತೆಗೆ ಓದಿ ಹೇಳಿದಾಗ ಬಾಗಿ ಸೆಟ್ಲಿಯ ಕಸ ಆರಿಸುತ್ತಿದ್ದವಳು ಕೈ ನಿಲ್ಲಿಸಿದಳು.

"ನೆರೆಮನಿಯಲ್ ಕೇಂಡ್ಯಾ?"

"ಎಂತ ಕೇಂಬುದ್?"

"ಎರಡ್ ವಾರ ಕರೀದಿದ್ ಮನಿ ಅಂಗಳಕ್ಕೆ ನಾ ಯಾವತ್ತೂ ಸೀದಾ ಹೋದವ್ಳಲ್ಲ. ಪಕ್ಕದ್ಮನಿ ಹೆಂಗ್ಸಿನ್ ಕಂಡ್ ಕೇಂತಿದ್ದೆ, ಆ ಮನಿಯರ್ ಹ್ಯಾಂಗಿದ್ರ್ ಅಂದ್. ಸೂತಕ ಇರತ್ತ್, ವ್ರತ ಇರತ್ತ್, ಗಂಡ ಹೆಂಡ್ತಿ ಜಗಳ ಇರತ್ತ್. ಕೇಣ್ದೆ ಮೀನ್ ತಕಂಡ್ ಒಳಗ್ ಹೋಪುಕಾತ್ತಾ?"

"ಇದ್ರಗೆ ನೆರೆಮನಿ ಅಂದ್ ಇಲ್ಲ ಅತ್ತೆ" ಎಂದು ರಮಿತಾ ನಕ್ಕಳು.

ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಆ ವ್ಯವಸ್ಥೆ ಚಾಲೂ ಆಯಿತು. ಇಪ್ಪತ್ತೊಂದು ಮಂದಿಗೆ ಕಾಗದ ಹೋಯಿತು. ಹತ್ತು ಗಂಟೆಯೊಳಗೆ ಮೂರು ಆರ್ಡರು ಬಂದವು. ಹತ್ತೂ ನಲವತ್ತಕ್ಕೆ ಒಂದು ಉತ್ತರ ಬಂತು. ಡೊಂಬಿವಲಿಯ ಕುಷ್ಟ ಮರಕಾಲರ ವಿಳಾಸದಿಂದ.

ಕುಷ್ಟಣ್ಣ ಮೂಲತಃ ಕೋಡಿ ಊರಿನವರು. ನಲವತ್ತು ವರ್ಷ ಮುಂಬೈಯ ಕ್ಯಾಂಟೀನುಗಳಲ್ಲಿ ದುಡಿದವರು. ಅವರ ಮುಖವನ್ನು ರಮಿತಾ ಕಂಡವಳಲ್ಲ. ಆದರೆ ಪ್ರತಿ ಆರ್ಡರಿನ ಕೆಳಗೆ ಅವರು ಎರಡು ಸಾಲು ಬರೆಯುತ್ತಿದ್ದರು: "ಸೆಟ್ಲಿ ಸಣ್ಣದೇ ಹಾಕಿ. ದೊಡ್ಡದು ನೋಡಲು ಚಂದ, ಚಟ್ನಿಗೆ ಬಾರದು." ಚೀಟಿಗೆ ಮೊದಲು 'ಹೌದು' ಎಂದವರಲ್ಲಿ ಅವರೂ ಒಬ್ಬರು.

ಉತ್ತರ ಅವರದಾಗಿರಲಿಲ್ಲ.

"ನಾನು ಅವರ ಮಗಳು ಸೌಜನ್ಯ. ಅಪ್ಪ ಹೋದ ಶುಕ್ರವಾರ ತೀರಿಕೊಂಡರು. ನೀವು 'ಎಲ್ಲಿದ್ದೀರಿ' ಎಂದು ಕೇಳಿದ್ದೀರಿ. ಇದನ್ನು ಅಮ್ಮನಿಗೆ ಓದಿ ಹೇಳಬೇಕಾ?"

ರಮಿತಾ ಮೂರು ಸಲ ಓದಿದಳು. ಮೊದಲು ಆ ವ್ಯವಸ್ಥೆಯನ್ನು ನಿಲ್ಲಿಸಿದಳು. ಆಮೇಲೆ ಏನು ಮಾಡಬೇಕೆಂದು ತೋಚದೆ ಫೋನನ್ನು ಮಗುಚಿ ಇಟ್ಟು, ಅದನ್ನೇ ನೋಡುತ್ತ ಕೂತಳು. ಸಾವಿನ ಮನೆಗೆ, ಐದನೆಯ ದಿನ, ಹುರಿದ ಮೀನಿನ ಚಿತ್ರ. ಅದೂ ಹೋದವರ ಹೆಸರು ಹಿಡಿದು.

ಅದರ ಬೆನ್ನಿಗೇ ಇನ್ನೊಂದು ಹೆದರಿಕೆ ಬಂತು. ಅದು ಬಂದದ್ದಕ್ಕೆ ಅವಳಿಗೆ ನಾಚಿಕೆಯೂ ಆಯಿತು. ಸೌಜನ್ಯ ಒಂದು ಬೆರಳು ಆಡಿಸಿದರೆ ಎರಡನೆಯ ದೂರು. ಖಾತೆ ನಿಂತಿತು. ಮೀನು ಡ್ರಮ್ಮಿನಲ್ಲೇ ಉಳಿಯಿತು. ಅವಳು ಹಾಗೆ ಮಾಡಿದರೆ ತಪ್ಪೆಂದು ಹೇಳಲು ರಮಿತಾಳ ಬಳಿ ಒಂದು ಮಾತೂ ಇರಲಿಲ್ಲ. ತಾನೇ ಆ ಮಗಳಾಗಿದ್ದರೆ ಯೋಚಿಸದೆ ಒತ್ತುತ್ತಿದ್ದಳು.

ಬಾಗಿ ಹಿತ್ತಿಲಿನಿಂದ ಬಂದವಳು ಸೊಸೆಯ ಮುಖ ನೋಡಿದಳು. "ಎಂತ ಆಯ್ತ್? ರೂಪೇಶಂಗ್ ಎಂತಾರೂ...?"

"ಇಲ್ಲ, ಇಲ್ಲ. ಕೋಡಿ ಕುಷ್ಟಣ್ಣ ಹೋಯ್ರಂಬ್ರ್." ಆಮೇಲೆ ಎಲ್ಲವನ್ನೂ ಹೇಳಿದಳು, 'ಎಲ್ಲಿದ್ದೀರಿ' ಎಂಬುದನ್ನೂ ಸೇರಿಸಿ. ಬೈಗುಳಕ್ಕೆ ತಯಾರಾಗಿ ಕೂತಳು.

ಬಾಗಿ ಬೈಯಲಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡು ಎದುರಿಗೆ ಕೂತಳು.

"ನಂಗೂ ಒಂದ್ಸಲ ಆಯಿತ್ತ್. ನೆರೆಮನಿಯರ್ ಊರಗ್ ಇರ್ಲಿಲ್ಲ. ನಾ ಕೇಣ್ದೆ ಸೀದಾ ಅಂಗಳಕ್ ಹೋದೆ, ಬುಟ್ಟಿ ಇಳ್ಸಿ ಬಂಗ್ಡಿ ಬಂಗ್ಡಿ ಅಂದ್ ಕೂಗ್ದೆ. ಒಳಗ್ ಕಂಡ್ರೆ ಹೆಣದ್ ತಲಿ ಹತ್ರ ದೀಪ."

"ಮತ್ತ್ ಎಂತ ಮಾಡ್ದ್ರಿ?"

"ಬುಟ್ಟಿ ಹೊತ್ಕಂಡ್ ಓಡ್ದೆ. ಮರುದಿನ ಬುಟ್ಟಿ ಇಲ್ದೆ ಹೋದೆ."

"ಹೋಯಿ ಎಂತ ಹೇಳ್ದ್ರಿ?"

"ಎಂತದೂ ಇಲ್ಲ. ತಪ್ಪಾಯ್ತ್ ಅಂದೆ. ಸುಮ್ನೆ ಕೂಕಂಡೆ. ಅರ್ಧ ಗಂಟಿ ಬಿಟ್ ಎದ್ದ್ ಬಂದೆ."

"ಆಮೇಲ್ ಅವ್ರ್ ಮೀನ್ ತಕಂಡ್ರಾ?"

ಬಾಗಿ ಸೊಸೆಯನ್ನು ದಿಟ್ಟಿಸಿದಳು. "ಅದ್ನ್ ಕಾಣೂಕ್ ಹೋದ್ರೆ ಬುಟ್ಟಿ ಹೊತ್ಕಂಡ್ ಹೋದಾಂಗೇ ಅಲ್ದನಾ?"

ರಮಿತಾ ಉತ್ತರ ಬರೆಯಲು ಕೂತಳು. ಅಂಗಡಿಯ ಖಾತೆಯಿಂದ ಬರೆದರೆ ಎಷ್ಟು ಅಳಿಸಿದರೂ ಮೇಲೆ 'ಅಳಿವೆ'ಯ ಗುರುತು, ಕೆಳಗೆ 'ಈಗಲೇ ಆರ್ಡರ್ ಮಾಡಿ' ಎಂಬ ಕೆಂಪು ಪಟ್ಟಿ ತಾನಾಗಿ ಬಂದು ಕೂರುತ್ತಿತ್ತು. ಎರಡು ಸಲ ನೋಡಿ, ಅದನ್ನು ಬಿಟ್ಟು, ತನ್ನ ಸ್ವಂತ ಈಮೇಲಿನಿಂದ ಬರೆದಳು. ಚಿತ್ರ ಇಲ್ಲ, ಅಂಗಡಿಯ ಹೆಸರು ಇಲ್ಲ.

"ಸೌಜನ್ಯ ಅವರೇ, ನಾನು ಹಂಗಾರಕಟ್ಟೆಯ ರಮಿತಾ. ತಿಳಿಯದೆ ಕಳಿಸಿದೆ ಎನ್ನುವುದು ನಿಜ, ಆದರೆ ತಿಳಿದುಕೊಳ್ಳುವ ಕೆಲಸ ನನ್ನದಾಗಿತ್ತು. ತಪ್ಪಾಯಿತು. ನಿಮ್ಮ ಅಪ್ಪ ಪ್ರತಿ ಸಲ ಸಣ್ಣ ಸೆಟ್ಲಿಯೇ ಬೇಕು ಎಂದು ಬರೆಯುತ್ತಿದ್ದರು. ಯಾಕೆಂದೂ ಹೇಳುತ್ತಿದ್ದರು. ಅವರು ಹೇಳಿದ್ದು ಸರಿ ಇತ್ತು. ಇದಕ್ಕೆ ಉತ್ತರ ಬರೆಯುವ ತೊಂದರೆ ಬೇಡ."

ಕಳಿಸಿದಳು. ಮಂಗಳವಾರ ಕಳೆಯಿತು, ಉತ್ತರ ಇಲ್ಲ. ಬುಧವಾರ ಬೆಳಿಗ್ಗೆಯೂ ಇಲ್ಲ. ದೂರಿನ ಸಂಖ್ಯೆ ಒಂದರಲ್ಲೇ ಇತ್ತು. ಗಂಟೆಗೊಮ್ಮೆ ದೂರಿನ ಲೆಕ್ಕ ತೆರೆದು ನೋಡುವುದು, ಹೊರಗೆ ಬಂದು ಪಡುವಣದ ಆಕಾಶ ನೋಡುವುದು, ಇವೇ ಎರಡು ಕೆಲಸವಾದವು. ಬುಧವಾರ ಮಧ್ಯಾಹ್ನ ಗಾಳಿ ತೆಂಕಣಕ್ಕೆ ತಿರುಗಿತು. ಹಗ್ಗದ ಮೇಲಿನ ಬಟ್ಟೆ ಸಂಜೆಯಾದರೂ ಒಣಗಲಿಲ್ಲ.

ಗುರುವಾರಕ್ಕೆ 'ಮಳೆಗೆ ಮುಂಚಿನ ಕೊನೆಯ ಪಾರ್ಸೆಲ್' ಎಂಬ ಕಾಗದ ಎಲ್ಲರಿಗೂ ಹೋಗಬೇಕಿತ್ತು. ಬರೆದು ಸಿದ್ಧವಾಗಿತ್ತು. ರಮಿತಾಳಿಗೆ ಒತ್ತಲು ಆಗಲಿಲ್ಲ. ಕುಷ್ಟಣ್ಣನ ಮನೆ ಬಿಟ್ಟರೆ ಉಳಿದಿದ್ದದ್ದು ಮುನ್ನೂರ ತೊಂಬತ್ತಾರು ಮನೆ. ಅವುಗಳಲ್ಲಿ ಎಷ್ಟು ಮನೆಯಲ್ಲಿ ದೀಪ ಉರಿಯುತ್ತಿದೆಯೋ ಯಾರಿಗೆ ಗೊತ್ತು. ಪಟ್ಟಿ ತೆರೆದರೆ ಒಂದೊಂದು ಹೆಸರೂ ಮುಚ್ಚಿದ ಬಾಗಿಲಿನಂತೆ ಕಾಣುತ್ತಿತ್ತು.

ಹಾಗೆ ನೋಡುತ್ತಿರುವಾಗಲೇ ಕೊನೆಯ ಕಾಲಮಿನ ಮೇಲೆ ಕಣ್ಣು ನಿಂತಿತು. 'ಹೇಳಿದವರು ಯಾರು.' ಆ ಕಾಲಮಿನ ಪ್ರಕಾರ ಪಟ್ಟಿಯನ್ನು ಜೋಡಿಸಿ ನೋಡಿದಳು. ಒಬ್ಬರು ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ ಹೇಳಿ ಬೆಳೆದ ಸಾಲುಗಳು. ಬೇರಿನ ತನಕ ಹೋದರೆ ಮುನ್ನೂರ ಚಿಲ್ಲರೆ ಮನೆಗಳ ಹಿಂದೆ ಒಂಬತ್ತೇ ಹೆಸರು ಉಳಿದವು. ಉಳಿದ ನಲವತ್ತೊಂದು ಮಂದಿ ಯಾರ ಹೆಸರನ್ನೂ ಬರೆದಿರಲಿಲ್ಲ. ಆದರೆ ಅವರೆಲ್ಲ ಈ ತಿಂಗಳೇ ಸ್ವತಃ ಆರ್ಡರ್ ಮಾಡಿದವರು.

ಒಂಬತ್ತು ನೆರೆಮನೆ. ಅಲ್ಲಿಗೆ ಕಾಗದ ಕಳಿಸಿ ಪ್ರಯೋಜನವಿಲ್ಲ. ಫೋನು ಮಾಡಿ, ಬಾಯಿಬಿಟ್ಟು ಕೇಳಬೇಕು.

ಮೊದಲನೆಯವನು ಠಾಣೆಯ ಸುಜನ್. ಅವನ ಮೂಲಕ ಅರವತ್ತೊಂದು ಮನೆ ಬಂದಿತ್ತು. ಅವನು ಎತ್ತಿ ಮೂರು ಸಲ 'ಹಲೋ' ಎಂದ. ಇವಳ ಬಾಯಿಯಿಂದ ಗಾಳಿಯೇ ಬರುತ್ತಿತ್ತು. ಅವನು ಇಡುವುದರಲ್ಲಿದ್ದ.

"ಹ್ವಾಯ್, ಇಡ್ಬೇಡಿ" ಎಂದುಬಿಟ್ಟಳು. "ನಾನ್ ಒಣಮೀನಿನ್ ರಮಿತಾ. ಮೀನ್ ಮಾರೂಕಲ್ಲ ಮಾಡದ್."

"ಮತ್ತೆಂತಕೆ? ದುಡ್ಡ್ ಕೊಟ್ಟಿದ್ನಲೆ ನಾನ್."

"ದುಡ್ಡಿಗಲ್ಲ. ನೀವ್ ಹೇಳಿದ್ ಮನಿಯರೆಲ್ಲ ಆರಾಮಿದ್ರಾ ಅಂದ್ ಕೇಂಬುಕೆ."

"ಎಂತ, ಅರವತ್ ಮನಿಯರ್ದ್ದೂ?"

"ಹೌದ್. ಓದ್ತೆ, ಕೇಣಿ."

ಅವಳು ಓದಿದಳು, ಅವನು ಹೇಳಿದ. ಯಾರದೋ ಮಗಳ ಮದುವೆ, ಯಾರಿಗೋ ಕೆಲಸ ಹೋದದ್ದು, ಯಾರೋ ಮನೆ ಬದಲಿಸಿದ್ದು. ನಡುವೆ ಅವನೇ ನಿಂತ. "ಕುಷ್ಟಣ್ಣ ಹೋದ್ದ್ ಗೊತ್ತಿತ್ತಾ ನಿಮ್ಗೆ?"

"ಗೊತ್ತಿತ್ತ್" ಎಂದಳು. ಹೇಗೆ ಗೊತ್ತಾಯಿತೆಂಬುದನ್ನೂ ಹೇಳಿದಳು, ಮುಚ್ಚಿಡಬೇಕೆನ್ನಿಸಲಿಲ್ಲ.

ಗುರುವಾರ ನಾಲ್ಕು ಕರೆ, ಶುಕ್ರವಾರ ಐದು. ಒಬ್ಬಿಬ್ಬರು ಬೇಸರಪಟ್ಟರು, ಒಬ್ಬಾಕೆ ಸೊಸೆಯ ಮೇಲಿನ ದೂರನ್ನು ನಲವತ್ತು ನಿಮಿಷ ಹೇಳಿದಳು. ಎಲ್ಲ ಮುಗಿದಾಗ ಪಟ್ಟಿಯಲ್ಲಿ ಮೂರು ಮನೆಗೆ ಗುರುತು ಬಿದ್ದಿತ್ತು. ಒಂದು ಕಡೆ ತಾಯಿ ತೀರಿ ಎಂಟು ದಿನ. ಒಂದು ಕಡೆ ಮಗು ಆಸ್ಪತ್ರೆಯಲ್ಲಿ. ಒಂದು ಕಡೆ ಗಂಡನ ಬೋಟು ಮುಳುಗಿ ಹುಡುಕಾಟ ನಡೆದಿತ್ತು. ಆ ಮೂರನೆಯ ಮನೆಗೆ ಮೊನ್ನೆ ಮಂಗಳವಾರ 'ಎಲ್ಲಿದ್ದೀರಿ' ಎಂಬ ಕಾಗದ ಹೋಗುವುದು ಒಂಬತ್ತು ದಿನದ ಅಂತರದಲ್ಲಿ ತಪ್ಪಿತ್ತು. ಅವರು ಕೊಂಡು ಐವತ್ತೊಂದು ದಿನವಷ್ಟೇ ಆಗಿತ್ತು. ಅದನ್ನು ಲೆಕ್ಕ ಹಾಕಿದಾಗ ರಮಿತಾ ಎದ್ದುಹೋಗಿ ಒಂದು ಚೊಂಬು ನೀರು ಕುಡಿದಳು.

ಶುಕ್ರವಾರ ಸಂಜೆ ಸೌಜನ್ಯಳ ಉತ್ತರ ಬಂತು. ತೆರೆಯುವ ಮೊದಲು ರಮಿತಾ ಅತ್ತೆಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು.

"ನಿಮ್ಮ ಎರಡನೆಯ ಕಾಗದವನ್ನು ಅಮ್ಮನಿಗೆ ಓದಿ ಹೇಳಿದೆ. ಮೊದಲನೆಯದನ್ನು ಅಳಿಸಿದ್ದೇನೆ. ಇನ್ನು ಅಪ್ಪನ ವಿಳಾಸಕ್ಕೆ ಏನೂ ಕಳಿಸಬೇಡಿ."

ಅಷ್ಟೇ ಇತ್ತು. ದೂರಿಲ್ಲ, ಕ್ಷಮೆಯೂ ಇಲ್ಲ. ರಮಿತಾ ಕುಷ್ಟ ಮರಕಾಲರ ಹೆಸರನ್ನು ಪಟ್ಟಿಯಿಂದ ತಾನೇ ತೆಗೆದಳು.

ಗುರುವಾರ ಹೋಗದೆ ಉಳಿದ ಕಾಗದವನ್ನು ಯಾವ ದಿನ ಕಳಿಸುವುದು? ಮಂಗಳವಾರ ಬೆಳಿಗ್ಗೆ ಒಳ್ಳೆಯದು ಎನ್ನುವುದು ದಿವ್ಯಾಳ ಪಾಠ. ಮಂಗಳವಾರದ ತನಕ ಮಳೆ ಕಾಯುವುದೆಂಬ ಭರವಸೆ ಇರಲಿಲ್ಲ. "ಶನಿವಾರ ಬ್ಯಾಡ, ಸುಮಾರ್ ಮನಿಯರ್ ಮೀನ್ ಮುಟ್ಟುದಿಲ್ಲ. ಆಯ್ತಾರ ಹತ್ತ್ ಗಂಟಿಗ್ ಕಳ್ಸ್. ಕಾವ್ಲಿ ಒಲಿ ಮೇಲ್ ಇಪ್ಪು ಹೊತ್ತ್" ಎಂದಳು ಬಾಗಿ.

ಶನಿವಾರ ಸಂಜೆ ಕಡಲ ಮೇಲೆ ಮಿಂಚಿತು, ಸುರಿಯಲಿಲ್ಲ. ಭಾನುವಾರ ಹತ್ತಕ್ಕೆ ಮುನ್ನೂರ ತೊಂಬತ್ತಮೂರು ಮಂದಿಗೆ ಕಾಗದ ಹೋಯಿತು. ರಮಿತಾ ಈ ಸಲ ಕಣ್ಣು ಮುಚ್ಚಲಿಲ್ಲ. ಒಳಗಿನ ಹೆದರಿಕೆ ಹೋಗಿರಲಿಲ್ಲ. ಗೊತ್ತಿರುವವರನ್ನೆಲ್ಲ ಕೇಳಿಯಾದ ಮೇಲೂ ಗೊತ್ತಿಲ್ಲದ ಮನೆ ಒಂದಾದರೂ ಇರುತ್ತದೆ ಎಂದು ಈಗ ಅವಳಿಗೆ ಚೆನ್ನಾಗಿ ತಿಳಿದಿತ್ತು. ಹನ್ನೊಂದಕ್ಕೆ ನೋಡಿದಳು: ಹೊಸ ದೂರು ಸೊನ್ನೆ. ಹನ್ನೆರಡಕ್ಕೂ ಸೊನ್ನೆ. ಆರ್ಡರು ಮೂವತ್ತೆಂಟು. ಬಾಗಿ ಆಗಲೇ ಮೊದಲ ಡ್ರಮ್ಮಿನ ತಳ ಕೆರೆಯುತ್ತಿದ್ದಳು.

ಒಂದು ಗಂಟೆಗೆ ಫೋನು ಬಂತು. ಹೊಸ ನಂಬರು. ರಮಿತಾ ಎತ್ತಿದಳು.

"ಹ್ವಾಯ್, ನಾನ್ ಬೈಂದೂರ್ ಸೀನ. ಪುಣೆಯಗಿದ್ದೆ. ನಾ ಸತ್ತಿದ್ನಾ ಬದ್ಕಿದ್ನಾ ಅಂದ್ ಸುಜನನ್ ಹತ್ರ ಕೇಂಡ್ರಂಬ್ರಲೆ ನೀವ್?"

"ಹಾಂಗ್ ಕೇಣಲ್ಲ. ಆರಾಮಿದ್ರಾ ಅಂದ್ ಕೇಂಡದ್."

"ಎರಡೂ ಒಂದೇ. ಬದ್ಕಿದ್ದೆ, ಬರ್ಕಣಿ." ಅವನು ನಕ್ಕ, ಆಮೇಲೆ ಸ್ವರ ಇಳಿಯಿತು. "ನೀವ್ ಕೇಂಡದ್ದಕ್ಕೆ ಸುಜನ ನಂಗ್ ಫೋನ್ ಮಾಡ್ದ. ಅವ ಹೇಳಿಯೇ ಕುಷ್ಟಣ್ಣ ಹೋದ್ದ್ ಗೊತ್ತಾದ್ದ್. ಒಂದೇ ಕ್ಯಾಂಟೀನಿನಗ್ ಹನ್ನೊಂದ್ ವರ್ಷ ಇದ್ದಿತ್ ನಾವ್. ಬೊಜ್ಜ ಯಾವತ್ತ್?"

ಉತ್ತರಕ್ರಿಯೆಯ ದಿನಕ್ಕಾಗಿ ರಮಿತಾ ಅವರು ತೀರಿದ ಶುಕ್ರವಾರದಿಂದ ಬೆರಳು ಮಡಚಿ ಎಣಿಸಿದಳು. "ಹದಿಮೂರ್ ಅಂದ್ರೆ ಬಪ್ಪು ಬುಧವಾರ. ಆದ್ರೂ ಸುಜನಣ್ಣನ್ ಹತ್ರ ಒಂದ್ಸಲ ಕೇಣಿ."

"ಬೊಜ್ಜಕ್ ಹೋಯ್ಕ್. ಅಲ್ಲಿವರಿಗ್ ಮೀನ್ ಮುಟ್ಟುದಿಲ್ಲ ನಾನ್. ನನ್ನ ಸೆಟ್ಲಿ ಎರಡ್ ಕಿಲೋ ಇಟ್ಕಣಿ. ಬುಧವಾರ ಕಳ್ದ್ ಮೇಲ್ ಕಳ್ಸಿದ್ರ್ ಸಾಕ್."

"ಆಯ್ತ್" ಎಂದು ಅವಳು ಫೋನಿಟ್ಟಳು. ಎರಡು ಕಿಲೋ ಸಣ್ಣ ಸೆಟ್ಲಿ ತೂಗಿ, ಎರಡು ಪದರ ಪ್ಲಾಸ್ಟಿಕ್ಕಿನಲ್ಲಿ ಗಾಳಿಯಾಡದಂತೆ ಬಿಗಿದು, ಮೇಲೆ 'ಸೀನ, ಪುಣೆ, ಗುರುವಾರ' ಎಂದು ಬರೆದು, ಉಳಿದವುಗಳಿಂದ ಬೇರೆಯಾಗಿ ಒಲೆಯ ಹತ್ತಿರದ ಬೆಚ್ಚಗಿನ ಗೂಡಿನಲ್ಲಿ ಇಟ್ಟಳು.